ಎರಡು ಕಡೆಯಿಂದ ಬಂದ ಕೀರ್ತನೆ

ನಮ್ಮ ದ್ವೀಪದಲ್ಲಿ ನಮ್ಮೂರಿಗೆ ಕಡಲಿನಿಂದ ಬರಲು ಒಂದೇ ದಾರಿ. ಊರ ಮುಂದೆ ಹವಳದ ದಿಬ್ಬ ಉದ್ದಕ್ಕೂ ಮಲಗಿದೆ, ಅದರ ನಡುವೆ ದೋಣಿ ನುಸುಳುವಷ್ಟು ಒಂದು ಸಂದು. ಆ ಸಂದನ್ನು ನೀರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ದಡದಲ್ಲಿ ಹುಡುಕಬೇಕು. ಚರ್ಚಿನ ಮೇಲೆ ಬಿಳಿ ಶಿಲುಬೆ ಇದೆ. ಅದರ ಹಿಂದೆ ಗುಡ್ಡದ ತುದಿಯಲ್ಲಿ ಒಂಟಿ ಕೆನಾರಿ ಮರ. ಎರಡೂ ಒಂದರ ಬೆನ್ನಿಗೊಂದು ನಿಂತು ಒಂದೇ ಆಗಿ ಕಂಡರೆ ದೋಣಿಯ ಮೂತಿ ಸಂದಿಗೆ ನೇರವಾಗಿದೆ ಎಂದರ್ಥ. ಮರ ಶಿಲುಬೆಯ ಬಲಕ್ಕೆ ಇಣುಕಿದರೆ ದೋಣಿ ಬಲಕ್ಕೆ ಸರಿದಿದೆ, ಎಡಕ್ಕೆ ತಿರುಗಿಸಬೇಕು. ಇಷ್ಟೇ ವಿದ್ಯೆ. ಇದಕ್ಕೆ ಬೇಕಾದದ್ದು ಎರಡು ಕಣ್ಣು.

ನನ್ನ ಗಂಡ ಮೆಲ್ಕಿಯಾನುಸ್ ನಮ್ಮ ಚರ್ಚಿನ ಸಭೆಯ ದೋಣಿಯ ಚುಕ್ಕಾಣಿ ಹಿಡಿದವರು. ಊರಿನ ಮದುಮಕ್ಕಳು, ಕಾಯಿಲೆಯವರು, ಕ್ರಿಸ್ಮಸ್ಸಿಗೆ ಬರುವ ನೆಂಟರು, ಎಲ್ಲರನ್ನೂ ಆ ಸಂದಿನಿಂದ ಒಳಗೆ ತಂದವರು ಅವರೇ. ಮಕ್ಕಳ ಬಾಯಿಂದ ಕಲಿತು ನಾನೂ ಅವರನ್ನು ಬಾಪಾ ಎಂದೇ ಕರೆಯುವುದು. ಈಸ್ಟರ್ ಕಳೆದ ಮೇಲೆ ಅವರ ಕಣ್ಣು ಮಂಜಾಗತೊಡಗಿತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ದಿನ ಅಂಗಳದಲ್ಲಿ ಒಣಗಲು ಹಾಕಿದ್ದ ಲವಂಗದ ಮೇಲೆ ನಡೆದುಕೊಂಡು ಹೋಗಿ, ‘ಯಾರೇ ಇದನ್ನ ದಾರೀಲಿ ಹರವಿದ್ದು?’ ಎಂದು ಗದರಿದರು. ಮದುವೆಯಾಗಿ ಬಂದಾಗಿನಿಂದ ನಾನು ಹರವುತ್ತಿದ್ದುದು ಅಲ್ಲೇ.

ಅಂದಿನಿಂದ ದೋಣಿ ಹೊರಟಾಗೆಲ್ಲ ನಾನೂ ಹೊರಡುತ್ತಿದ್ದೆ. ಒಮ್ಮೆ ಉಪ್ಪು ಬೇಕು, ಒಮ್ಮೆ ದಾರ ಬೇಕು, ಒಮ್ಮೆ ಹಲ್ಲು ನೋವು. ‘ಈ ವಯಸ್ಸಲ್ಲಿ ಗಂಡನ ಮೇಲೆ ಇದೆಂಥ ಮೋಹ ಯೋಸಿನಕ್ಕಾ’ ಎಂದು ಊರ ಹೆಂಗಸರು ನಕ್ಕರು. ನಗಲಿ ಎಂದು ಸುಮ್ಮನಾದೆ. ದೋಣಿಯ ಮೂತಿಯಲ್ಲಿ ಕುಳಿತು, ಸಂದು ಹತ್ತಿರವಾದಾಗ ನನಗೆ ನಾನೇ ಹೇಳಿಕೊಳ್ಳುವವಳಂತೆ, ‘ಮರ ಯಾಕೋ ಇವತ್ತು ಬಲಕ್ಕೆ ಬಂದ ಹಾಗಿದೆ’ ಎನ್ನುತ್ತಿದ್ದೆ. ಅವರು ತಾವೇ ಕಂಡುಕೊಂಡವರಂತೆ ಚುಕ್ಕಾಣಿ ತಿರುಗಿಸುತ್ತಿದ್ದರು. ಪ್ರತಿ ಬೆಳಿಗ್ಗೆ ನನ್ನ ಪ್ರಾರ್ಥನೆ ಒಂದೇ ಆಗಿತ್ತು: ಕರ್ತನೇ, ಅವರ ಮಾನವೂ ಉಳಿಯಲಿ, ದೋಣಿಯೂ ಉಳಿಯಲಿ, ಎರಡರಲ್ಲಿ ಒಂದೇ ಎಂದರೆ ದೋಣಿಯನ್ನು ಉಳಿಸು.

ಹೀಗಿರುವಾಗ ನಮ್ಮ ಸಭೆಗೆ ಹೊಸ ಪಾದ್ರಿಯಮ್ಮನನ್ನು ಕಳಿಸುತ್ತಾರೆಂದು ಸುದ್ದಿ ಬಂತು. ಪಟ್ಟಣದಿಂದ ಕರೆತರುವ ಕೆಲಸ ನನ್ನ ಗಂಡನದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಜಗಳ ಎದ್ದದ್ದು ಸ್ವಾಗತದ ವಿಷಯಕ್ಕೆ.

ನಮ್ಮ ಚರ್ಚಿನಲ್ಲಿ ಆರ್ಗನ್ ಇಲ್ಲ, ಶಂಖಗಳಿವೆ. ಒಂದು ಶಂಖಕ್ಕೆ ಒಂದೇ ಸ್ವರ. ದೊಡ್ಡವು ತಗ್ಗು ಸ್ವರದವು, ಸಣ್ಣವು ಮೇಲಿನ ಸ್ವರದವು. ತನ್ನ ಸರದಿ ಬಂದಾಗ ಪ್ರತಿಯೊಬ್ಬನೂ ಊದಿದರೆ ಮಾತ್ರ ಕೀರ್ತನೆ ಕೀರ್ತನೆಯಾಗುತ್ತದೆ. ಸಭೆಯ ಹಿರಿಯ ಬಸ್ತಿಯಾನ್ ಹೇಳಿದ, ‘ದೇವರ ಸೇವಕಿ ನೆಲಕ್ಕೆ ಕಾಲಿಡೋದು ದೋಣಿ ಕಟ್ಟೋ ದಕ್ಕೇಲಿ. ಸ್ವಾಗತ ಅಲ್ಲೇ ಆಗ್ಬೇಕು.’ ಸಭೆಯ ಇನ್ನೊಬ್ಬ ಹಿರಿಯಳು ಫ್ರಾನ್ಸಿನಾ ಒಪ್ಪಲಿಲ್ಲ. ‘ಮೀನು ಬುಟ್ಟಿ ಮಧ್ಯೆ ನಿಂತು ಸ್ವಾಗತ ಮಾಡೋಕೆ ಅವರೇನು ಮೀನು ಕೊಳ್ಳೋಕೆ ಬರ್ತಿದಾರಾ? ಚರ್ಚಿನ ಬಾಗಿಲಲ್ಲೇ ಆಗ್ಬೇಕು.’ ಸೋಲಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಗೆ ಏನು ಮಾಡಿದರು ಗೊತ್ತೇ? ದೊಡ್ಡ ಶಂಖದವರು ಬಸ್ತಿಯಾನನ ಬಂಧುಗಳು, ಅವರು ದಕ್ಕೆಗೆ ಹೋದರು. ಸಣ್ಣ ಶಂಖದವರು ಫ್ರಾನ್ಸಿನಾಳ ಕೇರಿಯವರು, ಮೆಟ್ಟಿಲು ಹತ್ತಿ ಚರ್ಚಿನ ಬಾಗಿಲಲ್ಲಿ ನಿಂತರು. ಕೀರ್ತನೆಯ ಅರ್ಧ ಸ್ವರಗಳು ಕೆಳಗೆ, ಇನ್ನರ್ಧ ಮೇಲೆ. ಇಂಥ ಪೆದ್ದುತನ ಮಾಡಲು ನಮ್ಮೂರಿನವರೇ ಆಗಬೇಕು.

ಪಾದ್ರಿಯಮ್ಮ ಒಕ್ತೋವಿನಾ ಇನ್ನೂ ಚಿಕ್ಕ ವಯಸ್ಸಿನವರು, ದೊಡ್ಡ ದ್ವೀಪದ ಗುಡ್ಡಗಾಡಿನವರು. ದೋಣಿ ಪಟ್ಟಣದಿಂದ ಹೊರಟಾಗಿನಿಂದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

‘ಅಮ್ಮಾ, ಇನ್ನೂ ಎಷ್ಟು ದೂರ?’

‘ಬಂದೇಬಿಡ್ತು. ಹೊಟ್ಟೆ ತೊಳೆಸ್ತಿದ್ರೆ ಈ ಲವಂಗ ಬಾಯಲ್ಲಿಟ್ಕೊಳಿ.’

ಸಂದು ಇನ್ನೇನು ಹತ್ತಿರವಾಯಿತು ಎನ್ನುವಾಗ ಮೂಡಣ ಗಾಳಿಯ ಮಳೆ ಬಂತು. ಮೊದಲು ಮರ ಹೋಯಿತು, ಆಮೇಲೆ ಶಿಲುಬೆ, ಆಮೇಲೆ ಊರೇ ಹೋಯಿತು. ಸುತ್ತ ಬರೀ ಬೂದಿ ಬಣ್ಣ. ಹವಳಕ್ಕೆ ಅಲೆ ಬಡಿಯುವ ಸದ್ದು ಮಾತ್ರ ಮುಂದೆ ಎಲ್ಲೋ ಕೇಳುತ್ತಿತ್ತು. ಇನ್ನು ನನ್ನಲ್ಲೇ ಗೊಣಗಿಕೊಳ್ಳುವ ನಾಟಕ ನಡೆಯುವಂತಿರಲಿಲ್ಲ.

‘ಬಾಪಾ, ಮರಾನೂ ಇಲ್ಲ, ಶಿಲುಬೆನೂ ಇಲ್ಲ. ನಂಗೇನೂ ಕಾಣ್ತಿಲ್ಲ.’

‘ಹಾಗಾದ್ರೆ ಇವತ್ತು ನಾವಿಬ್ರೂ ಸಮ,’ ಎಂದರು.

ನಾನು ಹಿಂತಿರುಗಿ ನೋಡಿದೆ. ಅವರ ಮುಖದಲ್ಲಿ ಮಳೆನೀರು ಇಳಿಯುತ್ತಿತ್ತು, ತುಟಿಯ ಕೊನೆಯಲ್ಲಿ ಸಣ್ಣ ನಗು.

‘ನಿಂಗೆ ಯಾವಾಗಿಂದ ಗೊತ್ತು?’

‘ಲವಂಗ ತುಳಿದ ದಿನದಿಂದ.’

‘ಒಂದು ಮಾತು ಹೇಳ್ಬಾರ್ದಿತ್ತಾ?’

‘ನೀವು ಹೇಳಿದ್ರಾ?’

‘ಏನು ಗೊತ್ತು? ಏನು ಕಾಣಲ್ಲ?’ ಪಾದ್ರಿಯಮ್ಮ ಗಾಬರಿಯಿಂದ ಕೇಳಿದರು.

‘ಏನಿಲ್ಲ ಪಾದ್ರಿಯಮ್ಮ, ಮನೆ ವಿಷ್ಯ,’ ಎಂದೆ. ಆಮೇಲೆ ಗಂಡನಿಗೆ, ‘ಪಟ್ಟಣಕ್ಕೆ ವಾಪಸ್ ಹೋಗೋಣ ಬಾಪಾ,’ ಎಂದೆ.

‘ಹೋಗೋಣ. ಮೊದ್ಲು ಪ್ರಾರ್ಥನೆ ಆಗ್ಲಿ.’

ಸಂದಿನ ಬಾಯಲ್ಲಿ ಇಂಜಿನ್ ನಿಲ್ಲಿಸಿ ಪ್ರಾರ್ಥಿಸುವುದು ನಮ್ಮ ದೋಣಿಗಳ ಪದ್ಧತಿ. ಬಿಸಿಲಿರಲಿ, ಮಳೆಯಿರಲಿ, ಆ ಪದ್ಧತಿಯನ್ನು ಅವರು ಬಿಟ್ಟವರಲ್ಲ. ಇಂಜಿನ್ ನಿಂತಿತು. ಟೋಪಿ ತೆಗೆದರು.

‘ಕರ್ತನೇ, ಇಲ್ಲೀತನಕ ನೀನೇ ಕರ್ಕೊಂಡು ಬಂದೆ. ಇನ್ನು ಉಳಿದಿರೋದು ಸ್ವಲ್ಪ. ಅದನ್ನೂ ನೀನೇ ನೋಡ್ಕೋ. ಮುಂದಕ್ಕಾದ್ರೆ ಮುಂದಕ್ಕೆ, ಹಿಂದಕ್ಕಾದ್ರೆ ಹಿಂದಕ್ಕೆ. ಆಮೆನ್.’

ಆಮೆನ್ ಆದ ಮೇಲೂ ಅವರು ಇಂಜಿನ್ ಮುಟ್ಟಲಿಲ್ಲ, ತಲೆ ವಾಲಿಸಿ ಕುಳಿತರು. ಆಗ ನನಗೂ ಕೇಳಿಸಿತು. ನಮ್ಮ ಇಂಜಿನ್ನಿನ ಸದ್ದು ಕೇಳಿ ದಡದವರು ಊದಲು ಶುರುಮಾಡಿದ್ದರು. ಮಳೆ ಬಂದರೂ ನಿಲ್ಲಿಸಿರಲಿಲ್ಲ. ಮೇಲಿನವರು ನಿಲ್ಲಿಸದೆ ಕೆಳಗಿನವರು ನಿಲ್ಲಿಸುವುದಿಲ್ಲ, ಕೆಳಗಿನವರು ನಿಲ್ಲಿಸದೆ ಮೇಲಿನವರು ಬಿಡುವುದಿಲ್ಲ. ಭೋಂ ಎಂದು ದೊಡ್ಡ ಶಂಖ ಒಂದು ಕಡೆಯಿಂದ, ಪೂ ಎಂದು ಸಣ್ಣದು ಇನ್ನೊಂದು ಕಡೆಯಿಂದ. ಕೀರ್ತನೆ ಬಟ್ಟೆ ಹರಿದಂತೆ ಎರಡಾಗಿತ್ತು.

‘ಯೋಸಿ, ಸಣ್ಣದು ದೊಡ್ಡದಕ್ಕಿಂತ ಬಲಕ್ಕೆ ಕೇಳ್ತಿದೆ ಅಲ್ವಾ?’

‘ಹೌದು.’

‘ದೊಡ್ಡದೆಲ್ಲಿದೆ?’

‘ದಕ್ಕೇಲಿ.’

‘ಸಣ್ಣದು?’

‘ಚರ್ಚಿನ ಬಾಗಿಲಲ್ಲಿ.’ ಹೇಳುತ್ತಲೇ ನನಗೆ ಹೊಳೆಯಿತು. ದಕ್ಕೆ, ಮೆಟ್ಟಿಲು, ಬಾಗಿಲು, ಶಿಲುಬೆ, ಮರ, ಎಲ್ಲವೂ ಒಂದೇ ಗೆರೆಯಲ್ಲಿವೆ.

‘ಇಂಜಿನ್ ಬೇಡ, ಕೇಳಿಸಲ್ಲ,’ ಎಂದರು. ‘ಹುಟ್ಟು ತಗೋ. ಪಾದ್ರಿಯಮ್ಮ, ನೀವೂ ಒಂದು ತಗೊಳಿ.’

‘ನಂಗೆ ಬರಲ್ಲ. ಎಲ್ಲಿಗೆ ಹಾಕ್ಬೇಕು, ಮುಂದೆ ಏನೂ ಕಾಣ್ತಿಲ್ವಲ್ಲಾ?’

‘ಒಂದು ಸಲ ಹಾಕಿ. ಆಮೇಲೆ ಕೇಳೋಣ. ಆಮೇಲೆ ಇನ್ನೊಂದು ಸಲ.’

ಹಾಗೇ ಹೋದೆವು. ಒಂದು ಹುಟ್ಟು ಹಾಕುವುದು, ಉಸಿರು ಬಿಗಿಹಿಡಿದು ಕೇಳುವುದು. ಅವರು ಚುಕ್ಕಾಣಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದರು. ಮತ್ತೊಂದು ಹುಟ್ಟು. ಎರಡು ಸದ್ದುಗಳ ನಡುವಿನ ಅಂತರ ಕಿರಿದಾಗುತ್ತ ಬಂತು. ಎಡಬಲದಲ್ಲಿ ಅಲೆ ಒಡೆಯುವ ನೊರೆ ಕೈಗೆಟುಕುವಷ್ಟು ಹತ್ತಿರ ಕಂಡಿತು, ನಾನು ಬಾಯಿ ಬಿಡಲಿಲ್ಲ. ಆ ಹೊತ್ತಿಗೆ ಹರಿದಿದ್ದ ಕೀರ್ತನೆ ಹೊಲಿದಂತೆ ಒಂದಾಯಿತು. ತಗ್ಗು ಸ್ವರ, ಮೇಲಿನ ಸ್ವರ, ಎರಡೂ ಒಂದೇ ಬಾಯಿಂದ ಬಂದಂತೆ ನೇರ ನಮ್ಮೆದುರಿನಿಂದ ಕೇಳಿಬಂತು. ನಮ್ಮ ಶಂಖದವರು ಯಾವ ಭಾನುವಾರವೂ ಅಷ್ಟು ಚೆನ್ನಾಗಿ ಊದಿದ್ದನ್ನು ನಾನು ಕೇಳಿಲ್ಲ. ದೋಣಿಯ ಕೆಳಗೆ ಅಲೆ ಸತ್ತು ನೀರು ತಣ್ಣಗಾಯಿತು. ಒಳಗೆ ಬಂದಿದ್ದೆವು.

ಪಾದ್ರಿಯಮ್ಮ ಹುಟ್ಟನ್ನು ಎದೆಗವುಚಿಕೊಂಡೇ ದಕ್ಕೆ ಹತ್ತಿದರು. ಬಸ್ತಿಯಾನ್ ನಮ್ಮ ಕಥೆ ಕೇಳಿ, ‘ನೋಡಿದ್ರಾ, ದಕ್ಕೇಲಿ ನಿಲ್ಲಿ ಅಂತ ನಂಗೆ ಹೇಳಿದ್ದು ದೇವರೇ,’ ಎಂದ. ಮೆಟ್ಟಿಲಿಳಿದು ಬಂದ ಫ್ರಾನ್ಸಿನಾ, ‘ನಿಂಗೆ ದಕ್ಕೆ ಅಂದಿದ್ರೆ ನಂಗೆ ಬಾಗಿಲು ಅಂದವ್ರು ಯಾರಪ್ಪಾ?’ ಎಂದಳು.

‘ಇಬ್ರಿಗೂ ಅವನೇ ಹೇಳಿದ್ದು,’ ಎಂದರು ನನ್ನ ಗಂಡ. ‘ಒಬ್ರಾದ್ರೂ ಸೋತಿದ್ರೆ ನಾವು ಇಷ್ಟೊತ್ತಿಗೆ ಹವಳದ ಮೇಲಿರ್ತಿದ್ವಿ.’ ಆಮೇಲೆ ನೆಂಟರಿಗೆ ಕಾಫಿ ಹೇಳುವಷ್ಟೇ ಸಲೀಸಾಗಿ, ‘ನಂಗೆ ಈಸ್ಟರಿಂದ ಶಿಲುಬೆ ಕಾಣ್ತಿಲ್ಲ. ಇನ್ಮೇಲೆ ಚುಕ್ಕಾಣಿ ಯೋಸಿ ಹಿಡೀತಾಳೆ,’ ಎಂದರು.

ಯಾರೂ ನಗಲಿಲ್ಲ. ಫ್ರಾನ್ಸಿನಾ ಮಾತ್ರ ನನ್ನ ಕಿವಿಯಲ್ಲಿ, ‘ಅದಕ್ಕೇನಾ ಉಪ್ಪು, ದಾರ, ಹಲ್ಲು ನೋವು?’ ಎಂದಳು. ಆ ಸಂಜೆ ಎಲ್ಲರೂ ಸಾಗೋ ಹಿಟ್ಟಿನ ಗಂಜಿ, ಅರಿಶಿನದ ಮೀನುಸಾರು ಉಂಡೆವು. ಪಾದ್ರಿಯಮ್ಮ ಎರಡು ಸಲ ಬಡಿಸಿಕೊಂಡರು.

ಈಗ ಹಿಂದೆ ಚುಕ್ಕಾಣಿಯಲ್ಲಿ ನಾನು, ಮೂತಿಯಲ್ಲಿ ಅವರು. ಸಂದಿನ ಬಾಯಲ್ಲಿ ಇಂಜಿನ್ ನಿಲ್ಲಿಸುತ್ತೇನೆ, ಅವರು ಟೋಪಿ ತೆಗೆದು ಪ್ರಾರ್ಥಿಸುತ್ತಾರೆ. ಆಮೆನ್ ಆದ ಮೇಲೆ ಕೇಳುತ್ತಾರೆ:

‘ಮರ ಎಲ್ಲಿದೆ?’

‘ಶಿಲುಬೆ ಹಿಂದೆ.’

‘ನಂಗೂ ಹಾಗೇ ಕಾಣ್ತು,’ ಎನ್ನುತ್ತಾರೆ. ‘ನಡಿ.’