ರುಬ್ಬುವ ಕಲ್ಲಿನ ಪಾಠ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಚೆನ್ನಯ ತಲೆ ಎತ್ತಿದಾಗ ಚಾಳಿನ ಅಂಗಳ ತುಂಬಿಹೋಗಿತ್ತು. ಗಿರಣಿಯ ಕೆಲಸ ಬಿಟ್ಟು ಬಂದವರು, ಆಫೀಸಿನ ಗುಮಾಸ್ತರು, ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು. ತಮ್ಮ ರಮಾನಾಥನಿಗಾಗಿ ಇಷ್ಟು ಜನ ಬಂದಾರೆಂದು ಅವನು ಎಣಿಸಿರಲಿಲ್ಲ.

“ಇವರೆಲ್ಲ ಯಾರು ಮಾರಾಯ್ತಿ?” ಎಂದು ತಮ್ಮನ ಹೆಂಡತಿ ಶೀಲಾವತಿಯನ್ನು ಕೇಳಿದ.

“ಅವರ ಮಕ್ಕಳು, ಭಾವ.” ಅತ್ತು ಕೆಂಪಾದ ಕಣ್ಣಲ್ಲೇ ಅವಳು ಸಣ್ಣಗೆ ನಕ್ಕಳು. ಹೆತ್ತ ಮಕ್ಕಳು ಅವರಿಗಿರಲಿಲ್ಲ. ಗೋರೆಗಾಂವಿನ ಕನ್ನಡ ಶಾಲೆಯಲ್ಲಿ ರಮಾನಾಥನಿಂದ ವಿಜ್ಞಾನ ಕಲಿತವರು ಇವರು.

ತರುಣಿಯೊಬ್ಬಳು ಮುಂದೆ ಬಂದಳು. “ಗುರುತು ಸಿಕ್ಕಿತಾ ಧಣಿ? ನಾನು ವಿನೋದಿನಿ. ಈಗ ಅದೇ ಶಾಲೆಯಲ್ಲಿ ಟೀಚರು. ನಿಮ್ಮನ್ನು ಎಂಜಿನ್ ಮಾಡಿದ್ದು ನಾವೇ ಅಲ್ವಾ!”

*

ಸಾಂತಾಕ್ರೂಜಿನ ತನ್ನ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸಲು ಕೂರಿಸಲಿಕ್ಕೆಂದು ಚೆನ್ನಯ ತಮ್ಮನನ್ನು ಉಡುಪಿಯಿಂದ ಕರೆಸಿಕೊಂಡಿದ್ದ. ತಮ್ಮ ಮೇಷ್ಟ್ರಾದ. ಅಣ್ಣ ಮಾತು ಬಿಟ್ಟ. ವರ್ಷಗಳು ಕಳೆದವು. ಒಂದು ಮಧ್ಯಾಹ್ನ ರಮಾನಾಥ ತರಗತಿಯನ್ನೇ ಕಟ್ಟಿಕೊಂಡು ಹೋಟೆಲಿನ ಅಡಿಗೆಮನೆಗೆ ನುಗ್ಗಿದ.

“ಇದೆಂತ ಶಾಲೆಯಾ?” ಚೆನ್ನಯ ಗುಡುಗಿದ.

“ಶಾಲೆಯಲ್ಲಿ ಇಷ್ಟು ದೊಡ್ಡ ಒಲೆ ಎಲ್ಲುಂಟು ಅಣ್ಣ?”

ಮಕ್ಕಳು ನೀರಿನ ಹಂಡೆಯ ಆವಿಗೆ ತಗಡಿನ ಚಕ್ರ ಹಿಡಿದರು. ಅದು ಗರಗರ ತಿರುಗಿತು. “ಇದ್ದಿಲಿನ ಶಕ್ತಿ ಬಿಸಿಯಾಯಿತು, ಬಿಸಿ ಚಲನೆಯಾಯಿತು,” ಎಂದ ರಮಾನಾಥ. “ಈಗ ಒಲೆಯಿಲ್ಲದೆ ಕಲ್ಲು ತಿರುಗಿಸುವವರು ಯಾರು?”

ಪುಟ್ಟ ವಿನೋದಿನಿ ಚೆನ್ನಯನ ಬೆರಳು ಹಿಡಿದೆಳೆದಳು. ಬಿಡಿಸಿಕೊಳ್ಳಲು ಮನಸ್ಸಾಗದೆ ಅವನು ರುಬ್ಬುವ ಕಲ್ಲಿನ ಮುಂದೆ ಕುಳಿತ. ಧಣಿಯಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ತಿರುವಿ ತಿರುವಿ ಬೆವರಿದ. ಹಿಟ್ಟಿಗೆ ಬೆರಳಿಟ್ಟ ಹುಡುಗಿ ಕೂಗಿದಳು: “ಸರ್, ಇದೂ ಬೆಚ್ಚಗಾಗಿದೆ!”

“ಈ ಎಂಜಿನ್ನಿಗೆ ಶಕ್ತಿ ಎಲ್ಲಿಂದ ಬಂತು?”

“ಊಟದಿಂದ!”

“ಹೊಟ್ಟೆ ನೋಡಿದರೆ ಇನ್ನೂ ತುಂಬ ಉಂಟು ಸರ್,” ಎಂದ ಹಿಂದಿನಿಂದ ಒಬ್ಬ.

ಮಕ್ಕಳೆಲ್ಲ ಧಣಿಯ ಮುಖ ನೋಡಿದರು. ಚೆನ್ನಯನ ಹೊಟ್ಟೆಯೇ ಮೊದಲು ಕುಲುಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ತಮ್ಮನಿಗೆ, “ಕುಳಿತುಕೋ ರಾಮು, ತಿಂಡಿ ತಿಂದು ಹೋಗು,” ಎಂದ.

*

“ಹೊರಡುವ ಹೊತ್ತಾಯಿತು,” ಎಂದರು ಯಾರೋ.

ಚಟ್ಟ ಮೇಲೆದ್ದಿತು. ಚಾಳಿನ ಗಲ್ಲಿ ದಾಟುವಷ್ಟರಲ್ಲೇ ಹೆಗಲು ಬದಲಾಯಿತು, ತಿರುವಿನಲ್ಲಿ ಮತ್ತೆ ಬದಲಾಯಿತು. ಒಬ್ಬರು ಬಿಡುವ ಮೊದಲೇ ಇನ್ನೊಬ್ಬರು ಹೆಗಲು ಕೊಡುತ್ತಿದ್ದರು.

“ನನಗೂ ಸ್ವಲ್ಪ ಕೊಡಿ ಮಾರಾಯ್ರೆ, ನಾನು ಅವನ ಅಣ್ಣ,” ಎಂದ ಚೆನ್ನಯ.

ಯಾರಿಗೂ ಕೇಳಿಸಲಿಲ್ಲ. ಸ್ಟೇಷನ್ ರಸ್ತೆಯ ಬಿಸಿಲಲ್ಲಿ ಚಟ್ಟ ಮುಂದೆ ಮುಂದೆ ತೇಲುತ್ತಿತ್ತು. ಪಂಚೆ ಎತ್ತಿಕಟ್ಟಿದ ಚೆನ್ನಯ ಏದುಸಿರು ಬಿಡುತ್ತ, ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ಹಿಂದೆ ಓಡುತ್ತಿದ್ದ.