ಅಲ್ಪವಿರಾಮದ ಹಿಂದಿನವರು

"ಒಂಬತ್ತು ಸಲ ಕಣಮ್ಮ! ಹಾಲಲ್ಲಿ ನೀರೈತೆ ಅಂತ ಒಕ್ಕೂಟದಿಂದ ಹದಿನಾಲ್ಕು ಕ್ಯಾನ್ ವಾಪಸ್ ಬಂದವೆ. ಒಂಬತ್ತರಲ್ಲಿ ನಿನ್ ಹೆಸ್ರೇ ಮೊದ್ಲು."

ಡೈರಿ ಕಾರ್ಯದರ್ಶಿ ಚಿಕ್ಕವೆಂಕಟಪ್ಪ ಲ್ಯಾಪ್‌ಟಾಪನ್ನು ಸಾಲಿನಲ್ಲಿ ನಿಂತವರ ಕಡೆಗೆ ತಿರುಗಿಸಿದ. ಮುನಿಲಕ್ಷ್ಮಮ್ಮ ಬಕೆಟ್ ಕೆಳಗಿಟ್ಟಳು.

"ಇಡೀ ಕ್ಯಾನ್ ನಾನೊಬ್ಳೇ ತುಂಬಿಸ್ತೀನೇನಣ್ಣಾ?"

"ಇಲ್ಲ. ಆದ್ರೆ ಕಡ್ಡಿ ಬಿಡದೆ ತಗೊಳೋದು ನಿನ್ ಹಾಲ್ ಮಾತ್ರ."

ಸೂಲಿಬೆಲೆ ಕಡೆಯ ಆ ಡೈರಿಯಲ್ಲಿ ಪ್ರತಿಯೊಬ್ಬರ ಹಾಲಿಗೂ ಗಾಜಿನ ಕಡ್ಡಿ ಬಿಟ್ಟು ನೀರಿದೆಯೇ ಎಂದು ನೋಡುತ್ತಿದ್ದರು. ಬೋಣಿ ಹಾಲಿಗೆ ಮಾತ್ರ ಬಿಡುತ್ತಿರಲಿಲ್ಲ. ದಿನದ ಮೊದಲ ಹಾಲನ್ನು ಅನುಮಾನಿಸಿದರೆ ದಿನವೇ ಕೆಡುತ್ತದೆಂಬ ನಂಬಿಕೆ. ಕೈಗುಣ ಒಳ್ಳೆಯದೆಂದು ಹನ್ನೊಂದು ವರ್ಷದಿಂದ ಮುನಿಲಕ್ಷ್ಮಮ್ಮನದೇ ಬೋಣಿ.

ಸಾಲಿನ ಕೊನೆಯಲ್ಲಿದ್ದ ಚಿಕ್ಕಬೀರಪ್ಪ ಮೂಗು ಹಿಡಿದುಕೊಂಡು ಥೇಟ್ ಕಾರ್ಯದರ್ಶಿಯ ದನಿ ತೆಗೆದ: "'ಬಾರಮ್ಮಾ, ನಿನ್ ಕೈಯಿಂದ್ಲೇ ಶುರುವಾಗ್ಲಿ...' ಹಂಗಂತ ಕರೀತಿದ್ದೋರು ಯಾರಪ್ಪಾ?"

ನಕ್ಕರು. ನಕ್ಕವರೇ ಅವಳ ಬಕೆಟ್ಟಿನೊಳಗೆ ಇಣುಕಿಯೂ ನೋಡಿದರು.

"ಸೋಮವಾರ ಮೀಟಿಂಗ್. ಸದಸ್ಯತ್ವ ತೆಗೆಯೋದೇಯ," ಎಂದ ಚಿಕ್ಕವೆಂಕಟಪ್ಪ. ಇಲ್ಲಿ ಹೆಸರು ತೆಗೆದರೆ ಅವಳ ಎರಡು ಹಸುಗಳ ಹಾಲನ್ನು ಊರಲ್ಲಿ ಬೇರೆ ಯಾರೂ ಕೊಳ್ಳುವವರಿರಲಿಲ್ಲ.

ಕಾರ್ಯದರ್ಶಿಯ ಮಗಳು ಅಕ್ಷತ, ಹೊಸಕೋಟೆಯಲ್ಲಿ ಬಿ.ಕಾಂ. ಓದುತ್ತಿದ್ದವಳು, ಮಧ್ಯಾಹ್ನ ಕಾಲೇಜಿಂದ ಬಂದು ಆ ಲ್ಯಾಪ್‌ಟಾಪ್ ತೆರೆದಳು. ಒಂದು ಕ್ಯಾನಿಗೆ ಒಂದೇ ಸಾಲು. ಅದಕ್ಕೆ ಹಾಲು ಹಾಕಿದ ಆರೇಳು ಮಂದಿಯನ್ನೂ ಅಪ್ಪ, ಹಾಕಿದ ಕ್ರಮದಲ್ಲಿ, ಒಂದೇ ಚೌಕಕ್ಕೆ ತುರುಕಿದ್ದ, ನಡುವೆ ಅಲ್ಪವಿರಾಮ. ಆ ಚೌಕಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದಾಗ ಮೊದಲ ಹೆಸರಿನವರಷ್ಟೇ ಒಟ್ಟಾಗಿ ಕಣ್ಣಿಗೆ ಬಿದ್ದಿದ್ದರು. ಉಳಿದವರು ಗ್ರೂಪ್ ಫೋಟೋದಲ್ಲಿ ಎತ್ತರದವನ ಹಿಂದೆ ನಿಂತವರಂತೆ ಮರೆಯಾಗಿದ್ದರು.

ಅವಳು ಹೆಸರುಗಳನ್ನು ಬಿಡಿಸಿದಳು. ಒಬ್ಬರಿಗೆ ಒಂದು ಸಾಲು. ಪ್ರತಿ ಹೆಸರಿನ ಮುಂದೆಯೂ ಕ್ಯಾನಿನ ನಂಬರು, ದಿನಾಂಕ. ವಾಪಸ್ ಬಂದವಷ್ಟೇ ಅಲ್ಲ, ಮೂರು ತಿಂಗಳ ಒಳ್ಳೆಯ ಕ್ಯಾನುಗಳನ್ನೂ ಸೇರಿಸಿ ಎಣಿಸಿದಳು.

ಮುನಿಲಕ್ಷ್ಮಮ್ಮ: ತೊಂಬತ್ತು ಕ್ಯಾನು, ವಾಪಸ್ ಒಂಬತ್ತು. ಉಳಿದವರದೂ ಹೆಚ್ಚುಕಡಿಮೆ ಅದೇ ಲೆಕ್ಕ.

ಕದಿರಮ್ಮ: ಹದಿನಾಲ್ಕು ಕ್ಯಾನು, ವಾಪಸ್ ಹದಿನಾಲ್ಕು.

ತಪ್ಪಾಗಿರಬೇಕೆಂದು ಮತ್ತೆ ಎಣಿಸಿದಳು. ಹದಿನಾಲ್ಕೇ. ಕದಿರಮ್ಮ ಅವಳ ಅಮ್ಮ. ಕ್ಯಾನು ತುಂಬಲು ನಾಲ್ಕೈದು ಲೀಟರು ಕಡಿಮೆ ಬಿದ್ದಾಗ ಡೈರಿಯ ಹಿಂದೆಯೇ ಇದ್ದ ತಮ್ಮ ಮನೆಯಿಂದ ತರಿಸುವುದು ರೂಢಿ. ಕಾರ್ಯದರ್ಶಿಯ ಮನೆಯ ಹಾಲಿಗೆ ಕಡ್ಡಿ ಬಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅಪ್ಪಾ, ನಮ್ ಮನೆ ಹಾಲ್ನೂ ಟೆಸ್ಟ್ ಮಾಡ್ತೀಯಾ?"

"ನಮ್ದಾ? ತಲೆಗಿಲೆ ಕೆಟ್ಟೈತೇನೇ?" ಅಪ್ಪ ನಕ್ಕ. ಏನೂ ಗೊತ್ತಿಲ್ಲದವನ ನಗುವೋ, ಎಲ್ಲ ಗೊತ್ತಿದ್ದವನದೋ? ಅವಳು ಆ ಮುಖವನ್ನೇ ನೋಡಿದಳು. ಹಿತ್ತಲಲ್ಲಿ ಪಾತ್ರೆಗೆ ನಲ್ಲಿ ನೀರು ಬೀಳುತ್ತಿದ್ದ ಸದ್ದು ನಿಂತಿತು.

ಮರುದಿನ ಬೆಳಿಗ್ಗೆ ಬೋಣಿ ಬೇರೆಯವರದಾಯಿತು. ಮುನಿಲಕ್ಷ್ಮಮ್ಮ ಸಾಲಿನ ಕೊನೆಗೆ ಹೋಗಿ ನಿಂತಿದ್ದಳು. ಎರಡನೆಯ ಕ್ಯಾನು ಕಡಿಮೆ ಬಿತ್ತು. ಅಪ್ಪ ಕೂಗಿದ, ಅಮ್ಮ ತಪ್ಪಲೆ ತಂದಳು. ಕ್ಯಾನಿನ ಬಳಿ ನಿಂತಿದ್ದ ಅಕ್ಷತ ಅದನ್ನು ಕ್ಯಾನಿಗೆ ಸುರಿಯಲಿಲ್ಲ, ಕಡ್ಡಿ ಬಿಡುವ ಉದ್ದನೆಯ ಜಾಡಿಗೆ ಬಗ್ಗಿಸಿದಳು.

"ಏನೇ ಇದು?"

"ಎಲ್ಲಾರ್ದೂ ನೋಡ್ತೀವಲ್ಲಮ್ಮ."

ಕದಿರಮ್ಮ ಗಂಡನ ಮುಖ ನೋಡಿದಳು. ಅವನು ಲ್ಯಾಪ್‌ಟಾಪ್ ನೋಡಿದ. ಅಕ್ಷತ ಕಡ್ಡಿ ಬಿಟ್ಟಳು. ಹಾಲಿನ ಗುರುತಿನಲ್ಲಿ ಅದು ನಿಲ್ಲಲಿಲ್ಲ, ನೀರಿನ ಗುರುತಿನತ್ತ ನೆಟ್ಟಗೆ ಇಳಿಯುತ್ತಾ ಹೋಯಿತು. ಚಿಕ್ಕಬೀರಪ್ಪ ಯಾರ ದನಿಯನ್ನೂ ತೆಗೆಯಲಿಲ್ಲ.

ಕದಿರಮ್ಮ ತಪ್ಪಲೆಯ ಅಂಚನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಾ ನಿಂತಳು.