ಹೇಮಶ್ರೀ ಬಿಚ್ಚಿದ ಸ್ಪ್ರಾಕೆಟ್

ಮಣಿಕಟ್ಟಿನ ಪಟ್ಟಿ ಬಿಚ್ಚಿದ ವಾರವೇ ಹೇಮಶ್ರೀ ಎಲೆಕ್ಟ್ರಿಕ್ ಬೈಕನ್ನು ಹಿನಕಲ್ಲಿನಿಂದ ಹೂಟಗಳ್ಳಿಯವರೆಗೆ ತಳ್ಳಿಕೊಂಡು ಹೋದಳು. ಹೋಗಿ ನಿಂತದ್ದು ಬಸವರಾಜುವಿನ ಶೆಡ್ಡಿನ ಮುಂದೆ. ಯಾರ ಹೆಸರೆತ್ತಿದರೆ ಅವಳ ಗಂಡ ನಾಗಾರ್ಜುನ ತಟ್ಟೆ ಬಿಟ್ಟು ಏಳುತ್ತಿದ್ದನೋ ಅದೇ ಬಸವರಾಜು.

ಒಂದು ಕಾಲಕ್ಕೆ ಗಂಡಸರಿಬ್ಬರೂ ಜೊತೆಗಾರರು. ಹಳೆಯ ಮೋಟಾರ್ ಸೈಕಲ್ಲೊಂದರ ಪೆಟ್ರೋಲ್ ಎಂಜಿನ್ನು ಕಿತ್ತು, ಅಲ್ಲಿ ಕರೆಂಟಿನ ಮೋಟಾರು, ಬ್ಯಾಟರಿ ಕೂರಿಸಿ ಈ ಗಾಡಿ ಮಾಡಿದವರು ಅವರೇ. ಆಮೇಲೆ ಕಾಲೇಜೊಂದರ ವಸ್ತುಪ್ರದರ್ಶನದಲ್ಲಿ ನಾಗಾರ್ಜುನ ಅದು ತಾನೊಬ್ಬನೇ ಮಾಡಿದ್ದೆಂದು ಮೈಕಿನಲ್ಲಿ ಹೇಳಿದ. ಕೆಳಗೆ ನಿಂತಿದ್ದ ಬಸವರಾಜು ಅಷ್ಟು ಜನರೆದುರು ಅವನ ಕೊರಳಪಟ್ಟಿ ಹಿಡಿದ. ಅಲ್ಲಿಗೆ ಮುಗಿಯಿತು. ಬೈಕು ನಾಗಾರ್ಜುನನ ಮನೆ ಸೇರಿತು. ಪ್ಯಾಕಿಂಗ್ ಕಾರ್ಖಾನೆಗೆ ಹೋಗಿಬರಲು ಹೇಮಶ್ರೀ ಅದನ್ನು ಓಡಿಸತೊಡಗಿದಳು.

2008ರ ಮಳೆಗಾಲ ಮುಗಿಯುತ್ತಿದ್ದಾಗ ಒಂದು ಸಂಜೆ, ಹುಣಸೂರು ರಸ್ತೆಯಲ್ಲಿ, ಓಡುತ್ತಿದ್ದ ಬೈಕಿನ ಚೈನು ಹಲ್ಲುಚಕ್ರದಿಂದ ಹಾರಿ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಕಚ್ಚಿ ನಿಂತಿತು. ಹೇಮಶ್ರೀ ಬೈಕಿನ ಸಮೇತ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಹಿಂದೆ ಬರುತ್ತಿದ್ದ ಬಸ್ಸಿನವನು ಬ್ರೇಕ್ ಹಾಕದಿದ್ದರೆ ಮಣಿಕಟ್ಟಿನ ಮಾತೇ ಬರುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಾಗಾರ್ಜುನ ತೀರ್ಪು ಕೊಟ್ಟ. ಇವಳು ಒಮ್ಮೆಲೇ ಹ್ಯಾಂಡಲ್ ತಿರುಚಿದ್ದಾಳೆ, ಇವಳಿಗೆ ಓಡಿಸಲು ಬರುವುದಿಲ್ಲ ಎಂದ. ಅತ್ತೆ ಶಿವನಂಜಮ್ಮ ಅದನ್ನೇ ಬೀದಿಗೆಲ್ಲ ಹಂಚಿದರು. ಚೈನು ತಾನಾಗಿಯೇ ಹಾರಿತು ಎಂದು ಹೇಮಶ್ರೀ ಎಷ್ಟು ಸಲ ಹೇಳಿದರೂ ಅವನು ಒಪ್ಪಲಿಲ್ಲ. ಚೈನನ್ನು ಮತ್ತೆ ಏರಿಸಿ, ಬೈಕಿಗೆ ಗೋಣಿತಾಟು ಮುಚ್ಚಿ, ಯಾರೂ ಮುಟ್ಟಕೂಡದು ಎಂದುಬಿಟ್ಟ. ಅವಳನ್ನು ನೋವಿಗಿಂತ ಹೆಚ್ಚು ಉರಿಸಿದ್ದು ಆ ಗೋಣಿತಾಟು.

ಬಸವರಾಜು ಶೆಡ್ಡಿನ ಬಾಗಿಲಲ್ಲೇ ನಿಂತ. ಒಳಗೆ ಬನ್ನಿ ಎನ್ನಲಿಲ್ಲ. ಹಿಂದೆ ಬಾಯ್ತುಂಬ ಅತ್ತಿಗೆ ಎನ್ನುತ್ತಿದ್ದವನು ಇವತ್ತು "ಏನ್ರೀ?" ಎಂದ.

ಚೈನು ಯಾಕೆ ಹಾರಿತೆಂದು ಗೊತ್ತಾಗಬೇಕು ಎಂದಳು.

"ನಾನು ಕೈ ಹಾಕಲ್ಲ. ನಾಳೆ ನಿಮ್ಮೆಜಮಾನ್ರು ಬಸವರಾಜೂನೇ ಕೆಡಿಸಿದ ಅಂತಾರೆ. ಬೇಕಾದ್ರೆ ನೀವೇ ಬಿಚ್ಚಿ. ಬಾಯಲ್ಲಿ ಹೇಳ್ತೀನಿ."

ಅವಮಾನ ಮಾಡಿ ಕಳಿಸಲು ಆಡಿದ ಮಾತದು. ಹೇಮಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಳು.

ಮೊದಲು ಬ್ಯಾಟರಿಯ ಪ್ಲಗ್ ಕೀಳಲು ಹೇಳಿದ. ಕೀಳದಿದ್ದರೆ ಬೆರಳು ಹೋಗುತ್ತದೆ ಎಂಬುದನ್ನು ಅವಳು ಕಿತ್ತಾದ ಮೇಲೆ ಹೇಳಿದ. ಚೈನಿನ ಕವರು ತೆಗೆಸಿದ. ಮೋಟಾರಿನ ತುದಿಯಲ್ಲಿದ್ದ ಸಣ್ಣ ಹಲ್ಲುಚಕ್ರವೇ ಸ್ಪ್ರಾಕೆಟ್. ಎಳೆಯುವ ಕೆಲಸವೆಲ್ಲ ಅದರದು. ಅದರ ನಟ್ಟು ಬಿಚ್ಚುವಾಗ ಚಕ್ರ ತಿರುಗದಿರಲೆಂದು ಹಿಂದಿನ ಗಾಲಿಯ ಕಡ್ಡಿಗಳ ನಡುವೆ ಮರದ ತುಂಡು ತೂರಿಸಿದಳು. ಸ್ಪ್ಯಾನರ್ ಒತ್ತಿದಾಗ ಮಣಿಕಟ್ಟಿನಿಂದ ಮೊಣಕೈವರೆಗೂ ನೋವು ಹರಿಯಿತು. ಬಸವರಾಜು ನೋಡುತ್ತ ನಿಂತಿದ್ದ. ಅವಳು ಎದ್ದು ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದಳು. ನಟ್ಟು ಕಿರುಗುಟ್ಟಿ ಸಡಿಲವಾಯಿತು.

ಚೈನು ಕಳಚಿ ಸ್ಪ್ರಾಕೆಟ್ ಎಳೆದು ಕೈಗೆ ತೆಗೆದುಕೊಂಡಾಗ ಯಾರೂ ವಿವರಿಸಬೇಕಾಗಿರಲಿಲ್ಲ. ಹಲ್ಲುಗಳೆಲ್ಲ ಒಂದೇ ಮಗ್ಗುಲಿಗೆ ಸವೆದು ಕೊಕ್ಕೆಗಳಂತೆ ಬಾಗಿದ್ದವು. ಬಸವರಾಜು ಉದ್ದನೆಯ ಉಕ್ಕಿನ ಪಟ್ಟಿಯೊಂದನ್ನು ಅವಳತ್ತ ಎಸೆದ. ಮೋಟಾರು ಅದೇ ಗೆರೆಯಲ್ಲಿದೆಯೇ ಎಂದು ಹಿಂದಿನ ಹಲ್ಲುಚಕ್ರದ ಮಗ್ಗುಲಿಗೆ ಅದನ್ನು ಹಿಡಿದು ನೋಡಿದಳು. ಮೋಟಾರು ಬಿಸ್ಕತ್ತಿನ ದಪ್ಪದಷ್ಟು ಆಚೆ ಸರಿದು ಕೂತಿತ್ತು. ಬಗ್ಗಿ ನೋಡಿದರೆ ಮೋಟಾರಿನ ಬುಡದಲ್ಲಿ, ಪ್ರತಿ ಬೋಲ್ಟಿಗೂ, ಹೊಸದಾಗಿ ಹಾಕಿದ ವಾಷರುಗಳು.

"ನಾನು ಕೂರಿಸ್ದಾಗ ಒಂದೂ ಇರ್ಲಿಲ್ಲ" ಎಂದ ಬಸವರಾಜು. ದೊಡ್ಡ ಬ್ಯಾಟರಿ ಹಿಡಿಸಲೆಂದು ನಿಮ್ಮ ಗಂಡನೇ ಮೋಟಾರು ಸರಿಸಿದ್ದಾನೆ, ಚೈನು ಅಡ್ಡ ಎಳೆದು ಎಳೆದು ಹಲ್ಲು ತಿಂದಿದೆ ಎಂದು ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಅವನ ಮುಖ ಅರಳಿತು. ಇದನ್ನು ಇಡೀ ಹೂಟಗಳ್ಳಿಗೆ ತೋರಿಸಬೇಕು ಎಂದು ನಕ್ಕ. ಆ ನಗುವನ್ನು ಕಂಡು ಹೇಮಶ್ರೀಗೆ ಮೈ ಪರಚಿಕೊಳ್ಳುವಂತಾಯಿತು. ತಾನು ಬಿದ್ದದ್ದು ಈತನಿಗೆ ಹಬ್ಬ.

"ನಗ್ಬೇಡಿ. ಮುರ್ದಿದ್ದು ನನ್ನ ಕೈ" ಎಂದಳು.

ಅವನ ನಗು ನಿಂತಿತು. ಗಾಡಿ ಮಾಡುವಾಗ ಲೇತಿನಲ್ಲಿ ಜೋಡಿಯಾಗಿ ಕಡೆಸಿದ್ದ ಇನ್ನೊಂದು ಸ್ಪ್ರಾಕೆಟನ್ನು ಡಬ್ಬಿಯಿಂದ ಹುಡುಕಿ ತಂದು, ಕೈಗೆ ಕೊಡದೆ, ನೆಲದ ಮೇಲಿಟ್ಟ.

ಅವಳು ವಾಷರುಗಳನ್ನು ತೆಗೆಯುತ್ತಿದ್ದಾಗ ನಾಗಾರ್ಜುನ ಬಂದ. ಯಾರೋ ಹೇಳಿರಬೇಕು. ಬಸವರಾಜುವಿನ ಕಡೆ ಕಣ್ಣೆತ್ತಿಯೂ ನೋಡದೆ ಹೆಂಡತಿಯ ಮೇಲೆ ಹರಿಹಾಯ್ದ. ಮನೆಯ ಮರ್ಯಾದೆಯನ್ನು ಇಂಥವನ ಬಾಗಿಲಿಗೆ ತಂದು ಸುರಿದೆಯಲ್ಲ ಎಂದ. ನಡಿ ಮನೆಗೆ ಎಂದ.

ಹೇಮಶ್ರೀ ಏಳಲಿಲ್ಲ. ಸವೆದ ಸ್ಪ್ರಾಕೆಟನ್ನು ಅವನ ಕಾಲ ಬುಡಕ್ಕೆ ಉರುಳಿಸಿದಳು.

"ಈ ವಾಷರು ಹಾಕಿದ್ದು ಯಾರು?"

"ಸ್ವಲ್ಪ ಜಾಗ ಬೇಕಿತ್ತು. ಅದ್ಕೂ ನೀನು ಬಿದ್ದಿದ್ದಕ್ಕೂ ಏನ್ ಸಂಬಂಧ?"

"ಚೈನು ಮತ್ತೆ ಏರ್ಸೋವಾಗ ಈ ಹಲ್ಲು ನೋಡಿದ್ರಾ, ಇಲ್ವಾ?"

ಅವನು ಕೆಳಗೆ ನೋಡದೆಯೇ ಸ್ಪ್ರಾಕೆಟನ್ನು ಕಾಲಿನಿಂದ ಆಚೆ ತಳ್ಳಿದ. ನೋಡಿದ್ದ. ಹಾಗೆ ತಳ್ಳಿದ್ದರಲ್ಲೇ ಅದು ಅವಳಿಗೆ ತಿಳಿಯಿತು. ನೋಡಿಯೇ ಗೋಣಿತಾಟು ಮುಚ್ಚಿದ್ದ; ಅವಳ ಕೈ ಕೊರಳಿನಿಂದ ಜೋತಾಡುತ್ತಿದ್ದಷ್ಟು ದಿನವೂ ಬಂದವರಿಗೆಲ್ಲ ಅವಳ ದಡ್ಡತನದ ಕತೆ ಹೇಳಿದ್ದ.

ಬಸವರಾಜು ಏನೋ ಹೇಳಲು ಬಾಯಿ ತೆರೆದ. ನಾಗಾರ್ಜುನ ಅವನ ಮೇಲೆ ಏರಿಹೋದ. ಗಂಡಸರಿಬ್ಬರೂ ಎದೆಗೆ ಎದೆ ಕೊಟ್ಟು, ಮೈಕು, ಪ್ರದರ್ಶನ ಎಂದು ಹಳೆಯದನ್ನೆಲ್ಲ ಕೆದಕಿ ಬೈದಾಡಿದರು. ಅವಳ ಕೈಯ ಮಾತನ್ನು ಇಬ್ಬರಲ್ಲಿ ಒಬ್ಬರೂ ಎತ್ತಲಿಲ್ಲ. ಅವಳು ಬ್ಯಾಟರಿಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿ ಮೋಟಾರನ್ನು ಉಕ್ಕಿನ ಪಟ್ಟಿಯ ನೇರಕ್ಕೆ ಕೂರಿಸಿದಳು, ಹೊಸ ಸ್ಪ್ರಾಕೆಟ್ ತೊಡಿಸಿದಳು, ನಟ್ಟನ್ನು ತುಳಿದು ಬಿಗಿದಳು. ಚೈನು ಏರಿಸಿ, ಬೆರಳಿನಿಂದ ಮೀಟಿ ಸಡಿಲ ನೋಡಿ, ಹಿಂದಿನ ಗಾಲಿಯನ್ನು ಕೈಯಲ್ಲೇ ತಿರುಗಿಸಿದಳು. ಸದ್ದಿಲ್ಲದೆ ತಿರುಗಿತು. ಬ್ಯಾಟರಿಯ ಪ್ಲಗ್ ಸಿಕ್ಕಿಸಿ, ಕೈಚೀಲದಿಂದ ಕೀಲಿ ತೆಗೆದು ಹಾಕಿ, ಹತ್ತಿ ಕೂತಳು.

"ಆ ಗಾಡಿ ಮುಟ್ಬೇಡ" ಎಂದ ನಾಗಾರ್ಜುನ.

"ಮನೇಗ್ ಹೋಗ್ತಿದೀನಿ. ಹಿಂದೆ ಕೂರೋದಾದ್ರೆ ಕೂತ್ಕೊಳಿ."

ಅವನು ಕೂರಲಿಲ್ಲ. ಅವಳು ಕಾಯಲಿಲ್ಲ.

ಅವಳು ಹುಣಸೂರು ರಸ್ತೆಗೆ ಬಂದಳು. ಬಸ್ಸೊಂದು ಹಾರನ್ ಹಾಕಿ ಪಕ್ಕದಲ್ಲೇ ಹಾದಿತು. ಆದರೂ ಹ್ಯಾಂಡಲ್ ಅಲುಗಲಿಲ್ಲ. ಮನೆಯ ಜಗಲಿಯ ಮೇಲೆ ಶಿವನಂಜಮ್ಮ ಪಕ್ಕದ ಮನೆಯ ಪ್ರೇಮಲೀಲಾರ ಜೊತೆ ಕೂತಿದ್ದರು. ಹೇಮಶ್ರೀ ಬೈಕು ನಿಲ್ಲಿಸಿ, ಮೋಟಾರು ಸರಿಸಿ ಚೈನು ಕೆಡಿಸಿದ್ದು ನಿಮ್ಮ ಮಗ ಎಂದು ಪ್ರೇಮಲೀಲಾರಿಗೂ ಕೇಳುವಂತೆ ಹೇಳಿದಳು. ಅತ್ತೆ ದಡಕ್ಕನೆದ್ದು ಒಳಗೆ ಹೋದರು.

ನಾಗಾರ್ಜುನ ತಪ್ಪಾಯಿತು ಎಂದು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅನ್ನ ಹಾಕು, ಬಾಗಿಲು ಹಾಕು ಎನ್ನುವುದಷ್ಟೇ ಆ ಮನೆಯ ಮಾತಾಯಿತು. ಬೈಕಿನ ಕೀಲಿ ಮಾತ್ರ ಹೇಮಶ್ರೀಯ ಕೈಚೀಲದಲ್ಲೇ ಉಳಿಯಿತು. ಅವನು ಅದನ್ನು ಕೇಳಲಿಲ್ಲ.